ನೊಯ್ಯಲ್ ಕೆಡಿಸಿದ್ದು ಅಚ್ಚಲ್ಲ, ಉಪ್ಪು

ತಮಿಳುನಾಡಿನ ತಿರುಪ್ಪೂರಿನ ಬನಿಯನ್ ಉದ್ಯಮದ ಮಾತು ಬಂದಾಗಲೆಲ್ಲ ಈಚೆಗೆ ಒಂದು ವಾದ ತಲೆ ಎತ್ತುತ್ತದೆ. ಬಟ್ಟೆಯ ಮೇಲೆ ಬಣ್ಣ ಸಿಡಿಸುವ ಇಂಕ್‌ಜೆಟ್ ಯಂತ್ರ ಇನ್ನಷ್ಟು ಮೊದಲೇ ಬಂದಿದ್ದರೆ ಅಲ್ಲಿ ಹರಿಯುವ ನೊಯ್ಯಲ್ ನದಿ ಉಳಿಯುತ್ತಿತ್ತಂತೆ. ಯಂತ್ರದ ಕತೆಯನ್ನೂ ನದಿಯ ಕತೆಯನ್ನೂ ಜೊತೆಗಿಟ್ಟು ನೋಡಿದರೆ ಈ ವಾದ ನಿಲ್ಲುವುದಿಲ್ಲ. ಮೊದಲು ಯಂತ್ರದ ಕತೆ. ನೀರಿನ ಎಳೆ ತಾನಾಗಿಯೇ ಹನಿಗಳಾಗಿ ಒಡೆಯುವುದೇಕೆಂದು ಲಾರ್ಡ್ ರೇಲಿ 1878ರಲ್ಲಿ ಲೆಕ್ಕ ಹಾಕಿ ತೋರಿಸಿದ. 1960ರ ದಶಕದಲ್ಲಿ ಸ್ಟ್ಯಾನ್‌ಫರ್ಡ್‌ನ ರಿಚರ್ಡ್ ಸ್ವೀಟ್ ಹಾಗೆ ಒಡೆದ ಹನಿಗಳಿಗೆ ವಿದ್ಯುದಾವೇಶ ಕೊಟ್ಟು ಬೇಕಾದತ್ತ ತಿರುಗಿಸಿದ. 1977ರಲ್ಲಿ ಕ್ಯಾನನ್ ಕಂಪನಿಯಲ್ಲಿ ಬಿಸಿ ಬೆಸುಗೆ ಕಡ್ಡಿ ಶಾಯಿಯ ಸಿರಿಂಜಿಗೆ ತಾಗಿ ಹನಿ ಚಿಮ್ಮಿದ್ದರಿಂದ ಬಬಲ್‌ಜೆಟ್ ಹುಟ್ಟಿತು. ಬಟ್ಟೆಗೆ ಹೆಚ್ಚಾಗಿ ಒಗ್ಗಿದ್ದು ಮಾತ್ರ ಶಾಯಿಯನ್ನು ಕಾಯಿಸದೆ ಹಿಂಡುವ ಪೀಜೋ ಹರಳು. ಇವೆಲ್ಲ ಸೇರಿ ಬದಲಿಸಿದ್ದು ಅಚ್ಚಿನ ಪರದೆಯನ್ನು. ಬಣ್ಣಕ್ಕೊಂದು ಪರದೆ ಮಾಡಿಸಿ ಐವತ್ತು ಅಂಗಿಯ ಆರ್ಡರು ಒಪ್ಪಿಕೊಂಡರೆ ಗಿಟ್ಟುವುದಿಲ್ಲ. ಇಂಕ್‌ಜೆಟ್‌ಗೆ ಐವತ್ತೂ ಒಂದೇ, ಐದೂ ಒಂದೇ.

ಆದರೆ ನದಿ ಕೆಟ್ಟದ್ದು ಮುಖ್ಯವಾಗಿ ಪರದೆಯಿಂದಲ್ಲ, ಬಣ್ಣದ ತೊಟ್ಟಿಯಿಂದ. ಹತ್ತಿಯ ನೂಲಿಗೇ ಅಂಟಿಕೊಳ್ಳುವ ರಿಯಾಕ್ಟಿವ್ ಬಣ್ಣವನ್ನು ಐಸಿಐ ಕಂಪನಿ 1956ರಲ್ಲಿ ಮಾರುಕಟ್ಟೆಗೆ ತಂದಿತು. ಈ ಬಣ್ಣಕ್ಕೆ ಹತ್ತಿಗಿಂತ ನೀರೇ ಹೆಚ್ಚು ಇಷ್ಟ. ಅದನ್ನು ನೀರಿನಿಂದ ನೂಲಿನ ಕಡೆಗೆ ತಳ್ಳಲು ಲೀಟರಿಗೆ ಹತ್ತಾರು ಗ್ರಾಂ ಉಪ್ಪು ಸುರಿಯಬೇಕು. ಬಣ್ಣದ ಬಹುಪಾಲು ಬಟ್ಟೆಯಲ್ಲಿ ಉಳಿಯುತ್ತದೆ. ಉಪ್ಪು ಇಡಿಯಾಗಿ ಹೊರಗೆ ಹರಿಯುತ್ತದೆ. 1992ರಲ್ಲಿ ನೀರಾವರಿಗೆಂದು ನೊಯ್ಯಲ್‌ಗೆ ಅಡ್ಡಲಾಗಿ ಕಟ್ಟಿದ ಒರತ್ತುಪಾಳೆಯಂ ಜಲಾಶಯ ಹೀಗೆ ಹರಿದುಬಂದ ಕೊಳೆನೀರಿನ ತೊಟ್ಟಿಯಾಯಿತು. ಕಡೆಗೆ 2011ರ ಜನವರಿಯಲ್ಲಿ ಮದ್ರಾಸ್ ಹೈಕೋರ್ಟು ನೂರಾರು ಬಣ್ಣದ ಘಟಕಗಳಿಗೆ ಬೀಗ ಹಾಕಿಸಿತು. ಹೊರಗೆ ಹನಿಯೂ ಬಿಡದಂತೆ ನೀರನ್ನು ಶುದ್ಧಮಾಡಿ ಮರುಬಳಸಿದರಷ್ಟೇ ಮತ್ತೆ ಬಾಗಿಲು ತೆರೆಯಬಹುದಿತ್ತು. ನದಿಯ ಪರವಾಗಿ ಏನಾದರೂ ಆಗಿದ್ದರೆ ಅದು ಈ ಆದೇಶದ ಬಲದಿಂದ.

ಬಟ್ಟೆಗೆ ಇಡೀ ಬಣ್ಣವನ್ನೇ ಇಂಕ್‌ಜೆಟ್‌ನಿಂದ ಕೊಟ್ಟರೆ ತೊಟ್ಟಿಯೇ ಬೇಡವಲ್ಲ ಎಂದು ಕೇಳಬಹುದು. ಕೇಳಲು ಚೆನ್ನಾಗಿದೆ. ಆದರೆ ಒಂದು ಹನಿಯೆಂದರೆ ಕೆಲವೇ ಪಿಕೋಲೀಟರು, ಅಂದರೆ ಲೀಟರಿನ ಲಕ್ಷ ಕೋಟಿಯಲ್ಲಿ ಕೆಲವೇ ಪಾಲು. ಅದು ಬಟ್ಟೆಯ ಮೇಲ್ಮೈಯಲ್ಲೇ ನಿಲ್ಲುತ್ತದೆ. ಶಾಯಿ ಚಿಮ್ಮುವ ಒಂದು ರಂಧ್ರ ಕಟ್ಟಿಕೊಂಡರೂ ಏಕಬಣ್ಣದ ಬಟ್ಟೆಯಲ್ಲಿ ಬಿಳಿ ಗೆರೆ ಎದ್ದು ಕಾಣುತ್ತದೆ, ಶಾಯಿಯೂ ದುಬಾರಿ. ಅಚ್ಚಿನ ಬಟ್ಟೆಗೇ ಬಂದರೂ ನೀರು ತಪ್ಪುವುದಿಲ್ಲ. ಸೂಕ್ಷ್ಮ ರಂಧ್ರ ಮಂದವಾದ ಅಂಟನ್ನು ತಾಳದು, ಹಾಗಾಗಿ ಅಂಟು, ಯೂರಿಯಾ, ಸೋಡಾಗಳನ್ನು ಮೊದಲೇ ಬಟ್ಟೆಗೆ ಉಣಿಸಿ, ಆಮೇಲೆ ಅಚ್ಚು ಹಾಕಿ, ಹಬೆ ಕೊಟ್ಟು ತೊಳೆಯಲೇಬೇಕು. ತೊಳೆಯುವುದೇ ಬೇಡವಾದ ಪಿಗ್ಮೆಂಟ್ ಶಾಯಿಯಿದೆ, ನಿಜ. ಪಾಲಿಯೆಸ್ಟರಿಗೆ ಕಾಗದದಿಂದ ಶಾಖದಲ್ಲಿ ಬಣ್ಣ ಇಳಿಸುವ ವಿಧಾನವೂ ಇದೆ. ಎರಡನ್ನೂ ಒಪ್ಪಬೇಕು. ಆದರೆ ತಿರುಪ್ಪೂರಿನ ಹೆಸರು ನಿಂತಿರುವುದು ಹತ್ತಿಯ ಮೇಲೆ, ಅದರಲ್ಲೂ ಏಕಬಣ್ಣದ ಹತ್ತಿಯ ಮೇಲೆ.

ಅಚ್ಚಿಗೂ ಬಣ್ಣದ ತೊಟ್ಟಿಗೂ ಇರುವ ಈ ಭೇದ ಅನ್ನೂರಿನಂಥ ಊರಿಗೆ ಹೆಚ್ಚು ಮುಖ್ಯ. ಕನ್ನಡ ಮಾತಾಡುವ ಒಕ್ಕಲಿಗರೂ ದೇವಾಂಗ ನೇಕಾರರೂ ನೆಲೆಸಿರುವ ಕೊಯಮತ್ತೂರು ಸೀಮೆಯಲ್ಲಿ ಇದು ಭವಾನಿಗೂ ನೊಯ್ಯಲ್‌ಗೂ ನಡುವಿನ ಒಣ ನೆಲ. ಅತ್ತಿಕಡವು–ಅವಿನಾಶಿ ಯೋಜನೆ 2024ರ ಆಗಸ್ಟ್‌ನಲ್ಲಿ ಉದ್ಘಾಟನೆಗೊಂಡಿತು. ಭವಾನಿಯಿಂದ ಪಂಪ್ ಮಾಡಿದ ನೀರಿನಿಂದ ಸಾವಿರಕ್ಕೂ ಹೆಚ್ಚು ಕೆರೆ–ಕುಂಟೆ ತುಂಬಿಸಿ ಅಂತರ್ಜಲ ಏರಿಸುವುದು ಅದರ ಉದ್ದೇಶ. ಅದಕ್ಕೂ ಮುನ್ನ ಅನ್ನೂರು ಭಾಗದಲ್ಲಿ ಕೈಗಾರಿಕಾ ಪಾರ್ಕಿಗೆ 3,500 ಎಕರೆಗೂ ಹೆಚ್ಚು ಭೂಮಿ ಬೇಕೆಂದಾಗ ರೈತರು ಬೀದಿಗಿಳಿದಿದ್ದರು. ಅಂಥ ಕಡೆ ನಾಳೆ ಯಾರಾದರೂ ಡಿಜಿಟಲ್ ಮುದ್ರಣದ ಘಟಕ ತೆರೆದು ಇದು ಶುದ್ಧ ತಂತ್ರಜ್ಞಾನ ಎಂದರೆ, ಯಂತ್ರದ ಹೆಸರು ಕೇಳಿ ಪ್ರಯೋಜನವಿಲ್ಲ. ಬಟ್ಟೆ ಬಣ್ಣ ಕಂಡದ್ದು ಎಲ್ಲಿ, ತೊಳೆದದ್ದು ಎಲ್ಲಿ, ತೊಳೆದ ನೀರಿನ ಉಪ್ಪನ್ನು ಯಾರು ಒಣಗಿಸಿ ಎಲ್ಲಿ ರಾಶಿ ಹಾಕುತ್ತಾರೆ ಎಂದು ಕೇಳಬೇಕು.