ಗ್ರೀನ್‌ಲಾ ಸಾಹೇಬನ ಕಾಗದ, ನನ್ನ ಕಂತಿನ ಕ್ಯಾಮೆರಾ

ಹೋದ ಡಿಸೆಂಬರಿನ ಒಂದು ಶನಿವಾರ, ಸೂರ್ಯ ಹುಟ್ಟೋಕೆ ಮುಂಚೆ, ಅಂಜನಾದ್ರಿಯ 575 ಮೆಟ್ಟಿಲು ಹತ್ತಿ ನಿಂತಿದ್ದೆ. ಕೊರಳಲ್ಲಿ ಬಾಡಿಗೆಗೆ ತಂದ ಫುಲ್ ಫ್ರೇಮ್ ಕ್ಯಾಮೆರಾ. ಪಕ್ಕದಲ್ಲಿ ಕಾರ್ಬನ್ ಫೈಬರ್ ಟ್ರೈಪಾಡ್, ತೂಕ ಒಂದು ಕೆಜಿ ಅಷ್ಟೇ. ಅದರ ರಿವ್ಯೂಗಳನ್ನು ನಾನು ಮೂರು ವಾರ ಓದಿದ್ದೆ. "ಪ್ರಯಾಣಕ್ಕೆ ಇದಕ್ಕಿಂತ ಹಗುರವಾದದ್ದು ಇಲ್ಲ" ಅಂತ ಎಲ್ಲರೂ ಹೇಳಿದ್ದರು. ಕೆಳಗೆ ತುಂಗಭದ್ರೆ, ಆ ದಡದಲ್ಲಿ ಹಂಪಿ, ಈ ದಡದಲ್ಲಿ ಆನೆಗೊಂದಿಯ ಬಂಡೆಗುಡ್ಡ, ನಡುವೆ ಹಸಿರು ಭತ್ತದ ಗದ್ದೆ. ನಲವತ್ತು ಫೋಟೋ ತೆಗೆದೆ.

ಬೆಂಗಳೂರಿಗೆ ಬಂದು ದೊಡ್ಡ ಪರದೆ ಮೇಲೆ ನೋಡಿದರೆ ನಲವತ್ತೂ ಅಲುಗಿದ್ದವು. ಬೆಟ್ಟದ ತುದಿಯ ಗಾಳಿಗೆ ಆ ಹಗುರ ಟ್ರೈಪಾಡ್ ಸಣ್ಣಗೆ ನಡುಗ್ತಾ ಇತ್ತು. ಕ್ಯಾಮೆರಾದ ಚಿಕ್ಕ ಪರದೆಯಲ್ಲಿ ಅದು ಗೊತ್ತೇ ಆಗಿರಲಿಲ್ಲ.

ಬೆಟ್ಟ ಇಳಿದು, ವಾಪಸ್ ಹೊರಡೋಕೆ ಮುಂಚೆ ಕಿನ್ನಾಳಕ್ಕೆ ಹೋಗಿದ್ದೆ. ಅಲ್ಲಿ ನಮ್ಮ ಕಾಕಾ ಒಬ್ಬರಿದ್ದಾರೆ, ಹಳೇ ಚಿತ್ರಗಾರರು. ಈಗ ಕಣ್ಣು ಮಂಜಾಗಿ ಕುಂಚ ಹಿಡಿಯೋದು ಕಡಿಮೆ. ಕ್ಯಾಮೆರಾ ಕೈಯಲ್ಲಿ ಹಿಡಿದು ತೂಗಿ ನೋಡಿದರು.

"ಎಷ್ಟ ಬಿತ್ತೋ ತಮ್ಮಾ ಇದಕ್ಕ?"

"ಬಾಡಿಗಿ ಕಾಕಾ. ಕೊಂಡ್ರ ಎರಡ ಲಕ್ಷದ ಮ್ಯಾಲ ಆಗತೈತಿ. ಕಂತಿನ ಮ್ಯಾಲ ತಗೋಬೇಕಂತ ಮಾಡೇನಿ."

"ಏನ ತಗೀಬೇಕಂತ ಮಾಡಿ ಅದನ್ನ ಮೊದಲ ಹೇಳು. ಪಲ್ಲಕ್ಕಿಗೆ ಹಗುರ ಕಟಗಿ ಬೇಕು, ದೇವರನ್ನ ಹೊತ್ತು ಮೆರಸೂದೈತಿ. ಅದ ಕಟಗಿ ಹೊಸ್ತಲಕ್ಕ ಹಾಕಿದ್ರ ನಡೀತೈತೇನು?"

ನಾನು ನಕ್ಕು ಸುಮ್ಮನಾದೆ. ಆ ಮಾತು ನಾಟಿದ್ದು ಅಲುಗಿದ ನಲವತ್ತು ಫೋಟೋ ನೋಡಿದ ಮೇಲೆ. ಆಗಲೇ ನನಗೆ ಇದೇ ಹಂಪಿಯನ್ನು ಮೊದಮೊದಲು ಕ್ಯಾಮೆರಾದಲ್ಲಿ ಹಿಡಿದ ಮನುಷ್ಯನ ಬಗ್ಗೆ ಕುತೂಹಲ ಹುಟ್ಟಿತು. ಅವನ ಹತ್ತಿರ ಏನಿತ್ತು? ಅದನ್ನೇ ಯಾಕೆ ಆರಿಸಿಕೊಂಡ?

ಅವನ ಹೆಸರು ಅಲೆಕ್ಸಾಂಡರ್ ಗ್ರೀನ್‌ಲಾ. ಮದ್ರಾಸ್ ಸೈನ್ಯದ ಅಧಿಕಾರಿ. 1856ರಲ್ಲಿ ಹಂಪಿಗೆ ಬಂದು ಅರವತ್ತರಷ್ಟು ಫೋಟೋ ತೆಗೆದ. ಒಂದೊಂದು ನೆಗೆಟಿವ್ ಸುಮಾರು 16 ಇಂಚು ಅಗಲ, 18 ಇಂಚು ಉದ್ದ, ಹೆಚ್ಚುಕಮ್ಮಿ ನಿಮ್ಮ ಆಫೀಸಿನ ಮಾನಿಟರಿನಷ್ಟು. ಆಗ ಫೋಟೋ ದೊಡ್ಡದು ಮಾಡಿಕೊಳ್ಳುವ ಅನುಕೂಲ ಇರಲಿಲ್ಲ. ನೆಗೆಟಿವನ್ನು ಮುದ್ರಣದ ಕಾಗದದ ಮೇಲೆ ಒತ್ತಿಟ್ಟು ಬಿಸಿಲಿಗೆ ಹಿಡಿಯಬೇಕು. ಫೋಟೋ ಎಷ್ಟು ದೊಡ್ಡದು ಬೇಕೋ ನೆಗೆಟಿವ್ ಅಷ್ಟೇ ದೊಡ್ಡದು, ಕ್ಯಾಮೆರಾ ಅದಕ್ಕಿಂತ ದೊಡ್ಡದು. ಅಂಥ ಪೆಟ್ಟಿಗೆಯನ್ನು ಹಂಪಿಯ ಬಂಡೆಗಳ ನಡುವೆ ಹೊತ್ತು ತಿರುಗಿಸಬೇಕಿತ್ತು ಅನ್ನೋದನ್ನ ಒಂದು ಕ್ಷಣ ಯೋಚಿಸಿ.

ಕುತೂಹಲದ ಸಂಗತಿ ಏನಂದ್ರೆ, ಅವನ ಆ ನೆಗೆಟಿವ್‌ಗಳು ಗಾಜಿನವಲ್ಲ, ಮೇಣ ಹಿಡಿಸಿದ ಕಾಗದದವು. 1856ರ ಹೊತ್ತಿಗೆ ಕಾಗದ ಆಗಲೇ ಹಳೇ ಮಾಡೆಲ್ಲು. ಟಾಲ್ಬಟ್ ಕಾಗದದ ನೆಗೆಟಿವ್‌ಗೆ ಪೇಟೆಂಟ್ ಪಡೆದದ್ದು 1841ರಲ್ಲಿ. ಹತ್ತು ವರ್ಷದ ನಂತರ, 1851ರಲ್ಲಿ, ಇಂಗ್ಲೆಂಡಿನ ಆರ್ಚರ್ ಗಾಜಿನ ಮೇಲೆ ಕೊಲೋಡಿಯನ್ ಹಚ್ಚುವ ಪದ್ಧತಿ ಪ್ರಕಟಿಸಿದ. ಗಾಜಿಗೆ ನಾರಿಲ್ಲ, ಹಾಗಾಗಿ ಚಿತ್ರ ಗರಿಗರಿ ಸ್ಪಷ್ಟ. ಬೆಳಕು ಹಿಡಿಯೋದೂ ಬೇಗ. ಇವತ್ತಿನ ಹಾಗೆ ಅಂಕ ಕೊಡೋದಾದ್ರೆ ಗಾಜಿಗೆ ಹತ್ತಕ್ಕೆ ಒಂಬತ್ತು, ಕಾಗದಕ್ಕೆ ಆರು.

ಆದರೆ ಆ ಅಂಕ ಕೊಡೋದು ಲಂಡನ್ನಿನ ಸ್ಟುಡಿಯೋದಲ್ಲಿ ಕೂತವರು. ಕೊಲೋಡಿಯನ್ ಗಾಜನ್ನು ಒದ್ದೆ ಇರುವಾಗಲೇ ಬಳಸಬೇಕು. ಹಚ್ಚಿ, ಕ್ಯಾಮೆರಾಕ್ಕೆ ಹಾಕಿ, ಫೋಟೋ ತೆಗೆದು, ಡೆವಲಪ್ ಮಾಡೋದು ಎಲ್ಲ ಕೆಲವೇ ನಿಮಿಷಗಳಲ್ಲಿ ಮುಗಿಯಬೇಕು. ಅಂದ್ರೆ ಹೋದಲ್ಲೆಲ್ಲ ಕತ್ತಲೆ ಡೇರೆ, ರಾಸಾಯನಿಕದ ಬಾಟಲಿ, ಶುದ್ಧ ನೀರು ಜೊತೆಗೇ ಇರಬೇಕು. ನಮ್ಮ ಕಡೆ ಬಿಸಿಲು ನಿಮಗೆ ಗೊತ್ತಲ್ಲ, ಒದ್ದೆ ಬಟ್ಟೆ ಹಿಂಡಿ ಹಾಕೋದೇ ತಡ, ಒಣಗಿರುತ್ತೆ. ಕೊಲೋಡಿಯನ್ನೂ ಅಷ್ಟೇ. ಜೊತೆಗೆ ಅಷ್ಟಗಲದ ಗಾಜುಗಳ ತೂಕ, ಎತ್ತಿನ ಗಾಡಿಯ ಕುಲುಕಾಟ, ಒಡೆಯುವ ಭಯ.

ಮೇಣದ ಕಾಗದದ ಗುಣ ಬೇರೆ. ಫ್ರಾನ್ಸಿನ ಗುಸ್ತಾವ್ ಲ ಗ್ರೇ 1851ರಲ್ಲಿ ಪ್ರಕಟಿಸಿದ ಈ ಪದ್ಧತಿಯಲ್ಲಿ ಕಾಗದಕ್ಕೆ ಮೊದಲೇ ಬಿಸಿ ಮೇಣ ಹಿಡಿಸುತ್ತಾರೆ. ನಾರಿನ ಸಂದಿಗಳು ತುಂಬಿ ಕಾಗದ ಬೆಳಕು ಹಾಯುವಂತಾಗುತ್ತದೆ. ಆಮೇಲೆ ರಾಸಾಯನಿಕದಲ್ಲಿ ಅದ್ದಿ ಒಣಗಿಸಿಟ್ಟುಕೊಂಡರೆ ಹತ್ತು ದಿನದವರೆಗೂ ಬಳಸಬಹುದು. ಫೋಟೋ ತೆಗೆದ ತಕ್ಷಣ ಡೆವಲಪ್ ಮಾಡಲೇಬೇಕು ಅಂತಿಲ್ಲ, ಬಿಡಾರಕ್ಕೆ ಮರಳಿ ನಿಧಾನಕ್ಕೆ ಮಾಡಬಹುದು. ಹೊರೋದು ಒಂದು ಕಾಗದದ ಕಡತ ಅಷ್ಟೇ. ನಷ್ಟ ಎರಡು. ಬೆಳಕು ಹಿಡಿಯೋಕೆ ನಿಮಿಷಗಟ್ಟಲೆ ಬೇಕು, ಗಾಜಿನಷ್ಟು ಸೂಕ್ಷ್ಮ ವಿವರ ಬರೋದಿಲ್ಲ. ಆದರೆ ಕಲ್ಲಿನ ಕಂಬ ಎಲ್ಲಿಗೂ ಓಡಿಹೋಗಲ್ಲ, ಎಷ್ಟು ನಿಮಿಷವಾದರೂ ನಿಂತಿರುತ್ತೆ. ಕಾಗದದ ಒರಟನ್ನು ನೆಗೆಟಿವಿನ ದೊಡ್ಡ ಗಾತ್ರ ತೂಗಿಸಿಕೊಂಡುಬಿಡುತ್ತೆ. ಊರಿಗೆ, ಹವೆಗೆ, ಹಿಡಿಯಬೇಕಾದ ವಸ್ತುವಿಗೆ ಹೊಂದುವ ಸಲಕರಣೆ ಅದು.

ಈ ಲೆಕ್ಕಾಚಾರ ಗ್ರೀನ್‌ಲಾ ಒಬ್ಬನದೇ ಅಲ್ಲ. ಲಿನೇಯಸ್ ಟ್ರೈಪ್ ಅನ್ನೋ ಇನ್ನೊಬ್ಬ ಮದ್ರಾಸ್ ಸೈನ್ಯದ ಅಧಿಕಾರಿ 1854ರ ಕೊನೆಯಲ್ಲಿ ಹಳೇಬೀಡು, ಬೇಲೂರು, ಶ್ರವಣಬೆಳಗೊಳ ಸುತ್ತಿದ. ಅವನೂ ಕಾಗದದ ನೆಗೆಟಿವನ್ನೇ ಬಳಸಿದ. ಬಂಗಾಳ ಸೈನ್ಯದ ವೈದ್ಯ ಜಾನ್ ಮೆಕಾಶ್ ಅಂತೂ 1856ರಲ್ಲೇ ಭಾರತಕ್ಕೆ ಬರುವ ಅಧಿಕಾರಿಗಳಿಗಾಗಿ ಒಂದು ಸಲಹೆಯ ಪುಸ್ತಕ ಬರೆದ. ಅದರಲ್ಲಿ ಕ್ಯಾಮೆರಾ ಕೊಳ್ಳುವುದರ ಬಗ್ಗೆಯೂ ಮಾತಿದೆ. ಗಟ್ಟಿ ಮಹಾಗನಿ ಮರದ್ದು, ಹಿತ್ತಾಳೆ ಪಟ್ಟಿ ಬಿಗಿದದ್ದು, ಬಿಸಿಲಿಗೆ ಜಗ್ಗದ್ದು ತಗೊಳ್ಳಿ. ಭಾರತಕ್ಕೆಂದೇ ಹಗುರ ಮಾಡಿದ ಮಡಿಚುವ ಕ್ಯಾಮೆರಾಗಳು ಬೇಗ ಕೆಲಸಕ್ಕೆ ಬಾರದಂತಾಗುತ್ತವೆ ಅನ್ನೋದು ಅವನ ಸಾರಾಂಶ. ಇದನ್ನು ಓದಿದಾಗ ನನ್ನ ಒಂದು ಕೆಜಿ ಟ್ರೈಪಾಡ್ ನೆನಪಾಗಿ ಜೋರಾಗಿ ನಕ್ಕುಬಿಟ್ಟೆ. ಮೂರು ವಾರ ರಿವ್ಯೂ ಓದೋ ಬದಲು ಈ ಡಾಕ್ಟರನ ಎರಡು ಸಾಲು ಓದಿದ್ದರೆ ಸಾಕಿತ್ತು.

ಆ ಸಲಕರಣೆಗಳಿಗೂ ಮಿತಿ ಇತ್ತು. ಆಗಿನ ರಾಸಾಯನಿಕಗಳು ನೀಲಿ ಬೆಳಕನ್ನು ಬೇಗ ಹೀರುತ್ತಿದ್ದವು. ನೆಲಕ್ಕೆ ಸಾಕಾಗುವಷ್ಟು ಹೊತ್ತು ಬೆಳಕು ಬಿಟ್ಟರೆ ಆಕಾಶ ಬೆಳ್ಳಗೆ ಖಾಲಿ. ಮೋಡ, ಮಳೆ, ಹಕ್ಕಿ ಯಾವುದೂ ಇಲ್ಲ. ಲ ಗ್ರೇ 1856-57ರ ಹೊತ್ತಿಗೆ ಸಮುದ್ರಕ್ಕೊಂದು, ಆಕಾಶಕ್ಕೊಂದು ನೆಗೆಟಿವ್ ತೆಗೆದು ಎರಡನ್ನೂ ಒಂದೇ ಚಿತ್ರಕ್ಕೆ ಜೋಡಿಸಿದ. ಇವತ್ತು ನಿಮ್ಮ ಫೋನು ಎಚ್‌ಡಿಆರ್ ಅಂತ ತಾನೇ ಮಾಡಿಕೊಡೋದು ಈ ಜಾತಿಯ ಕೆಲಸವನ್ನೇ. ನಿಮಿಷಗಟ್ಟಲೆ ಬೆಳಕು ಬಿಡುವಾಗ ನಡೆದುಹೋದ ಜನ ಚಿತ್ರದಲ್ಲಿ ಉಳಿಯುತ್ತಿರಲಿಲ್ಲ, ಉಳಿದರೂ ಹೊಗೆಯ ಹಾಗೆ. ಆ ಕಾಲದ ಇಂಥ ಚಿತ್ರಗಳಲ್ಲಿ ಊರು ನಿರ್ಜನ ಅನ್ನಿಸಿದರೆ ಪೂರ್ತಿ ನಂಬಬೇಡಿ. ಅಲ್ಲಿ ಜನ ಇದ್ದರು, ಕಾಗದಕ್ಕೆ ಕಾಣಲಿಲ್ಲ.

ಗ್ರೀನ್‌ಲಾನ ನೆಗೆಟಿವ್‌ಗಳು ಬಹುಕಾಲ ಯಾರ ಗಮನಕ್ಕೂ ಬರದೆ ಉಳಿದು, 1980ರ ಸುಮಾರಿಗೆ ಇಂಗ್ಲೆಂಡಿನ ಖಾಸಗಿ ಸಂಗ್ರಹವೊಂದರಲ್ಲಿ ಸಿಕ್ಕವು. ಆಗ ಜಾರ್ಜ್ ಮಿಶೆಲ್ ಹಂಪಿಯ ಕಟ್ಟಡಗಳ ಅಧ್ಯಯನದಲ್ಲಿದ್ದರು. ಆಸ್ಟ್ರೇಲಿಯಾದ ಛಾಯಾಗ್ರಾಹಕ ಜಾನ್ ಗಾಲಿಂಗ್ಸ್ 1983ರಲ್ಲಿ ಗ್ರೀನ್‌ಲಾ ನಿಂತ ಜಾಗಗಳನ್ನೇ ಹುಡುಕಿ, ಅದೇ ಕೋನದಿಂದ ಮತ್ತೆ ಫೋಟೋ ತೆಗೆದರು. 1856 ಒಂದು ಕಡೆ, 1983 ಇನ್ನೊಂದು ಕಡೆ ಇಟ್ಟು ನೋಡಿದರೆ ಕೆಲವು ಕಡೆ ಏನೂ ಬದಲಾಗಿಲ್ಲ. ವಿಠ್ಠಲ ಗುಡಿಯ ಕಲ್ಲಿನ ರಥದ ಹತ್ತಿರ ಬಂದರೆ ಮಾತ್ರ ಗಕ್ಕನೆ ನಿಲ್ಲುತ್ತೇವೆ. 1856ರ ಚಿತ್ರದಲ್ಲಿ ರಥದ ಮೇಲೆ ಇಟ್ಟಿಗೆಯ ಗೋಪುರ ಇದೆ!

ಜೇಬಿನಲ್ಲಿ ಐವತ್ತರ ಹೊಸ ನೋಟಿದ್ದರೆ ತೆಗೆದು ನೋಡಿ. ಅದರ ಹಿಂಬದಿಯ ರಥಕ್ಕೆ ಗೋಪುರ ಇಲ್ಲ. ಗ್ರೀನ್‌ಲಾ ಬಂದುಹೋದ ಮೇಲೆ ಅದನ್ನು ತೆಗೆದುಹಾಕಿದರು. ನಾವೆಲ್ಲ ಚಪ್ಪಟೆ ತಲೆಯ ರಥವನ್ನೇ ಪೂರ್ತಿ ರಥ ಅಂದುಕೊಂಡು ಬೆಳೆದಿದ್ದೇವೆ. ಹಾಗಲ್ಲ ಅಂತ ಕಣ್ಣಿಗೆ ತೋರಿಸೋದು ಒಂದು ಮೇಣದ ಕಾಗದ. ಅವತ್ತು ಅವನು ಹೆಚ್ಚು ಸ್ಪಷ್ಟವಾದ ಗಾಜನ್ನೇ ಹೊತ್ತು ತಂದು, ಅರ್ಧ ದಾರಿಯಲ್ಲಿ ಒಡೆದುಕೊಂಡಿದ್ದರೆ?

ಇದನ್ನೆಲ್ಲ ಓದಿದ ಮೇಲೆ ನಾನು ಕೊಳ್ಳೋ ಪಟ್ಟಿಯನ್ನು ಹರಿದು ಮತ್ತೆ ಬರೆದೆ. ಮೊದಲು ಏನು ಹಿಡಿಯಬೇಕು ಅಂತ ಬರೆದುಕೊಂಡೆ: ಆನೆಗೊಂದಿಯ ಬಂಡೆಗಳು, ಗಂಗಾವತಿ ಕಡೆಯ ಗದ್ದೆಗಳು, ಕೊಪ್ಪಳದ ಕೋಟೆ, 1112ರಲ್ಲಿ ಕಟ್ಟಿದ ಇಟಗಿಯ ಮಹಾದೇವ ದೇವಾಲಯ. ಇವಕ್ಕೆ ಸೆಕೆಂಡಿಗೆ ಇಪ್ಪತ್ತು ಫೋಟೋ ತೆಗೆಯೋ ವೇಗ ಬೇಡ, ಓಡುವ ಕಣ್ಣನ್ನು ಹಿಂಬಾಲಿಸೋ ಫೋಕಸ್ ಬೇಡ. ಕೆಲವು ವರ್ಷ ಹಳೆಯದಾದ ಸೆಕೆಂಡ್ ಹ್ಯಾಂಡ್ ಬಾಡಿ ಸಾಕು. ಬಂಡೆಗುಡ್ಡಗಳನ್ನು ತೀರಾ ವೈಡ್ ಲೆನ್ಸಿನಲ್ಲಿ ಹಿಡಿದರೆ ದೂರದ್ದು ಜಲ್ಲಿ ರಾಶಿ ಥರ ಕುಗ್ಗುತ್ತೆ, ಮಧ್ಯಮ ಜೂಮ್ ಇದ್ದರೆ ಒಂದರ ಹಿಂದೊಂದು ಗುಡ್ಡ ಎದ್ದು ನಿಲ್ಲುತ್ತೆ. ನೀರು ನಿಂತ ಗದ್ದೆಯ ಹೊಳಪು ತಗ್ಗಿಸೋಕೆ ಪೋಲರೈಸರ್ ಬೇಕು. ಧೂಳಿನಲ್ಲಿ ಲೆನ್ಸ್ ಬದಲಿಸೋ ಕೆಲಸ ಆದಷ್ಟು ಕಡಿಮೆ ಇರಬೇಕು. ಉಳಿದ ದುಡ್ಡಿಗೆ ಭಾರದ ಟ್ರೈಪಾಡ್. ಕೊಳ್ಳೋಕೆ ಮುಂಚೆ ಒಂದು ವಾರ ಬಾಡಿಗೆಗೆ ತಂದು, ಗಾಳಿಯಲ್ಲಿ ನಿಲ್ಲಿಸಿ, ಫೋಟೋವನ್ನು ದೊಡ್ಡ ಪರದೆಯಲ್ಲಿ ನೋಡಿ ಆಮೇಲೆ ನಿರ್ಧರಿಸಿದೆ. ಒಂದು ಮಾತು ನೆನಪಿಡಿ: ಪುರಾತತ್ವ ಇಲಾಖೆಯ ಸ್ಮಾರಕಗಳ ಒಳಗೆ ಟ್ರೈಪಾಡ್ ಇಡೋಕೆ ಅನುಮತಿ ಬೇಕು. ಡ್ರೋನಿನ ಮಾತು ಬಿಡಿ.

ಎರಡು ಲಕ್ಷದ ಕಂತು ತಪ್ಪಿತು. ಆದರೆ ನನಗೆ ಹೆಚ್ಚು ಕಾಡಿದ್ದು ಬೇರೆ. ವಿರೂಪಾಪುರ ಗಡ್ಡೆಯ ರೆಸಾರ್ಟುಗಳನ್ನು ಸುಪ್ರೀಂ ಕೋರ್ಟಿನ ತೀರ್ಪಿನ ನಂತರ 2020ರಲ್ಲಿ ಕೆಡವಿದರು. ಅದು ಸರಿಯೋ ತಪ್ಪೋ, ಆ ದಡದ ರೂಪ ಒಂದೇ ವಾರದಲ್ಲಿ ಬದಲಾಯಿತು. ಅದಕ್ಕೂ ಮುಂಚೆ ನಾನು ಅಲ್ಲಿಗೆ ಎಷ್ಟೋ ಸಲ ಹೋಗಿದ್ದೆ. ನನ್ನ ಹತ್ತಿರ ಇರೋದು ಸಂಜೆಗೆಂಪಿನ ನೀರಿನ ಫೋಟೋ, ಸ್ನೇಹಿತರ ಮುಖ. ಆ ದಡ ಹೇಗಿತ್ತು ಅಂತ ತೋರಿಸೋ ಒಂದೇ ಒಂದು ನೆಟ್ಟಗಿನ ಚಿತ್ರ ಇಲ್ಲ. ಅದಕ್ಕೆ ಫೋನೇ ಸಾಕಾಗಿತ್ತು.

ಯುಗಾದಿಗೆ ಊರಿಗೆ ಹೋದಾಗ ಗ್ರೀನ್‌ಲಾನ ರಥದ ಚಿತ್ರದ ಒಂದು ಪ್ರಿಂಟ್ ಕಾಕಾನಿಗೆ ಒಯ್ದೆ. ವಿರೂಪಾಕ್ಷ ಗುಡಿಯ ಛಾವಣಿಗೆ ಚಿತ್ರ ಬರೆದವರು ಕಿನ್ನಾಳದ ಚಿತ್ರಗಾರರ ಹಿರಿಯರೇ ಅಂತ ಊರಲ್ಲಿ ಹೇಳ್ತಾರೆ, ಹಾಗಾಗಿ ಹಂಪಿ ಅಂದ್ರೆ ಅವರಿಗೆ ಮನೆಯ ವಿಷಯ. ಕಾಕಾ ಕನ್ನಡಕ ಏರಿಸಿ, ಚಿತ್ರವನ್ನು ಬಾಗಿಲ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಯಾವ ಕ್ಯಾಮೆರಾ ಅಂತ ಕೇಳಲಿಲ್ಲ.

"ಮ್ಯಾಲ ಗೋಪುರ ಇತ್ತನು ಇದಕ್ಕ?" ಅಂದರು. ಆಮೇಲೆ, "ಇದನ್ನ ಇಲ್ಲೇ ಬಿಟ್ಟ ಹೋಗು. ರಥ ಮಾಡೋರಿಗೆ ತೋರಸ್ತೀನಿ."