ಎರವಲು ವಿಳಾಸ, ಎರವಲು ನಂಬರು

ಮನುಷ್ಯನಿಗೆ ಇರುವುದು ಒಂದೇ ಮನೆಯಾದರೂ ಎರಡು ವಿಳಾಸ ಬೇಕೆನಿಸುವ ಸಂದರ್ಭಗಳು ಎಲ್ಲ ಕಾಲದಲ್ಲಿಯೂ ಇದ್ದುವು. ಬಂಧುಬಳಗಕ್ಕೆ ಒಂದು, ವ್ಯವಹಾರಕ್ಕೆ ಒಂದು. ಬಲ್ಲವರಿಗೆ ಒಂದು, ಅಪರಿಚಿತರಿಗೆ ಇನ್ನೊಂದು. ಈ ಹಳೆಯ ಬಯಕೆ ಈಗ ಹೊಸ ವೇಷ ತೊಟ್ಟಿದೆ. ಜೇಬಿನಲ್ಲಿರುವುದು ಒಂದು ಫೋನು, ಅದರೊಳಗೆ ಒಂದು ಸಿಮ್. ಆದರೆ ವಾಟ್ಸ್‌ಆಪಿನಲ್ಲಿಯೋ ಟೆಲಿಗ್ರಾಮಿನಲ್ಲಿಯೋ ಎರಡನೆಯ ಖಾತೆ ಬೇಕು. ಅದಕ್ಕಾಗಿ ಅಂಗಡಿಗೆ ಹೋಗಿ, ಗುರುತಿನ ಚೀಟಿ ತೋರಿಸಿ ಹೊಸ ಸಿಮ್ ಕೊಳ್ಳುವ ಬದಲು ಇಂಟರ್‌ನೆಟ್ಟಿನಲ್ಲಿಯೇ ಒಂದು ನಂಬರನ್ನು ಬಾಡಿಗೆಗೆ ಹಿಡಿಯುತ್ತಾರೆ. ಇದಕ್ಕೆ ವರ್ಚುವಲ್ ನಂಬರ್ ಎಂದು ಹೆಸರು. ಅದಕ್ಕೆ ತಂತಿಯಿಲ್ಲ, ಸಿಮ್ ಇಲ್ಲ. ಎಲ್ಲಿಯೋ ಒಂದು ಕಂಪೆನಿಯ ಕಂಪ್ಯೂಟರಿನ ಲೆಕ್ಕದ ಪುಸ್ತಕದಲ್ಲಿ ಒಂದು ಸಾಲು, ಅಷ್ಟೆ. ಬಾಡಿಗೆ ಕಟ್ಟಿದವನ ಕಡೆಗೆ ಆ ನಂಬರಿನ ಕರೆಯೂ ಸಂದೇಶವೂ ಹರಿದುಬರುತ್ತವೆ.

ಇದೆಲ್ಲ ಕಾಲಮಹಿಮೆ ಎಂದು ಹಿರಿಯರು ಮೂಗು ಮುರಿಯಬಹುದು. ಆದರೆ ಇದರ ಪೂರ್ವಜರನ್ನು ಹುಡುಕುತ್ತ ಹೋದಾಗ, ನಮ್ಮ ಅಜ್ಜಂದಿರಿಗೂ ಇದರ ಪರಿಚಯವಿತ್ತೆಂದು ನನಗೆ ತೋರಿತು.

ಪೆಟ್ಟಿಗೆಯ ನಂಬರು

ವೃತ್ತಪತ್ರಿಕೆಗಳ ವಧೂವರರ ಜಾಹೀರಾತುಗಳನ್ನು ಓದಿದವರಿಗೆ ಬಾಕ್ಸ್ ನಂಬರನ್ನು ವಿವರಿಸಿ ಹೇಳಬೇಕಾಗಿಲ್ಲ. ಮಗಳಿಗೆ ವರ ಬೇಕು; ಆದರೆ ಬೀದಿಗೆಲ್ಲ ಅದು ತಿಳಿಯಬಾರದು. ಹೆಸರು, ಬಡಾವಣೆ ಯಾವುದನ್ನೂ ಹೇಳದೆ ಪತ್ರಿಕೆಯ ಒಂದು ಪೆಟ್ಟಿಗೆಯ ನಂಬರನ್ನು ಕೊಟ್ಟರೆ, ಬಂದ ಕಾಗದಗಳನ್ನು ಪತ್ರಿಕೆಯವರೇ ತಲಪಿಸುತ್ತಿದ್ದರು. ಊರೂರು ತಿರುಗುವವರ ಕಾಗದಗಳನ್ನು ಅವರು ಬಂದು ಕೇಳುವವರೆಗೆ ಅಂಚೆಕಚೇರಿಯೇ ಇಟ್ಟುಕೊಳ್ಳುವ ಏರ್ಪಾಡೂ ಇದ್ದಿತು. ಇವುಗಳಲ್ಲಿ ಕಪಟವೇನೂ ಇಲ್ಲ. ಗೌರವಸ್ಥರ ಸಂಕೋಚಕ್ಕೆ ಸಮಾಜ ಕಂಡುಕೊಂಡ ದಾರಿ ಇದು.

ಆದರೆ ಅದೇ ದಾರಿಯಲ್ಲಿ ಇತರರೂ ನಡೆದರು. ಲಂಡನ್ನಿನ ಕ್ಯಾಲೆಡೋನಿಯನ್ ರಸ್ತೆಯಲ್ಲಿ ಕಾರ್ಲ್ ಗುಸ್ತಾವ್ ಅರ್ನ್‌ಸ್ಟ್ ಎಂಬಾತ ಒಂದು ಕ್ಷೌರದ ಅಂಗಡಿ ಇಟ್ಟುಕೊಂಡಿದ್ದ. ಮೊದಲ ಮಹಾಯುದ್ಧಕ್ಕೆ ಮುಂಚಿನ ವರ್ಷಗಳಲ್ಲಿ ಜರ್ಮನಿಯ ಬೇಹುಗಾರರಿಗೆ ಹೋಗಬೇಕಾದ ಕಾಗದಗಳು ಈತನ ಅಂಗಡಿಗೆ ಬರುತ್ತಿದ್ದುವು. ಈತ ಅವಕ್ಕೆ ಬ್ರಿಟನ್ನಿನ ಅಂಚೆಚೀಟಿ ಹಚ್ಚಿ ಮತ್ತೆ ಅಂಚೆಗೆ ಹಾಕುತ್ತಿದ್ದ. ಆರಂಭದಲ್ಲಿ ಇದಕ್ಕೆ ಸಿಗುತ್ತಿದ್ದ ಸಂಬಳ ತಿಂಗಳಿಗೆ ಒಂದು ಪೌಂಡು. ಬ್ರಿಟಿಷ್ ಗುಪ್ತಚರರಿಗೆ ಈ ಸುಳಿವು ಸಿಕ್ಕಿತು. ಆದರೆ ಅವರು ಅಂಗಡಿಯನ್ನು ಮುಚ್ಚಿಸಲಿಲ್ಲ. ಕಾಗದಗಳನ್ನು ಒಡೆದು ಓದಿ, ಮತ್ತೆ ಅಂಟಿಸಿ ಬಿಡುತ್ತಿದ್ದರು. 1914ರ ಆಗಸ್ಟಿನಲ್ಲಿ ಯುದ್ಧ ಘೋಷಣೆಯಾದಾಗ ಬೇಹುಗಾರರ ಜೊತೆಗೆ ಅರ್ನ್‌ಸ್ಟನನ್ನೂ ಹಿಡಿದರು. ಅವನಿಗೆ ಏಳು ವರ್ಷಗಳ ಕಠಿಣ ಶಿಕ್ಷೆಯಾಯಿತು.

ಯುದ್ಧ ಮುಗಿದ ಮೇಲೆ ಬ್ರಿಟನ್ ಸರಕಾರ ಸುಮ್ಮನಿರಲಿಲ್ಲ. 1920ರ ಅಧಿಕೃತ ರಹಸ್ಯಗಳ ಕಾಯಿದೆಯಲ್ಲಿ, ಹಣ ಪಡೆದು ಪರರ ಟಪಾಲು ತೆಗೆದುಕೊಳ್ಳುವವರೆಲ್ಲರೂ ಪೊಲೀಸರಲ್ಲಿ ಹೆಸರು ದಾಖಲು ಮಾಡಿಸಬೇಕು, ಗಿರಾಕಿಗಳ ಹೆಸರು ವಿಳಾಸಗಳನ್ನು ಪುಸ್ತಕದಲ್ಲಿ ಬರೆದಿಡಬೇಕು ಎಂದು ವಿಧಿಸಿತು. ಈ ಪುಸ್ತಕವನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು. ಕಥೆ ಮುಂದೆ ಅಲ್ಲಿಗೇ ಬರುತ್ತದೆ.

ಹೆಸರು ಹೋಗಿ ಅಂಕಿ ಬಂದದ್ದು

ಟೆಲಿಫೋನು ಹುಟ್ಟಿದಾಗ ಅದಕ್ಕೆ ನಂಬರೇ ಇರಲಿಲ್ಲ. 1878ರಲ್ಲಿ ಅಮೆರಿಕದ ನ್ಯೂ ಹೇವನ್ ನಗರದಲ್ಲಿ ಹೊರಟ ಮೊದಲ ಟೆಲಿಫೋನ್ ಪಟ್ಟಿ ಒಂದೇ ಹಾಳೆಯದು. ಅದರಲ್ಲಿ 50 ಚಂದಾದಾರರ ಹೆಸರುಗಳಿದ್ದುವು, ಒಂದು ಅಂಕಿಯೂ ಇರಲಿಲ್ಲ. ಹೆಸರು ಹೇಳಿದರೆ ಆಪರೇಟರ್ ಜೋಡಿಸುತ್ತಿದ್ದ. ಮರುವರ್ಷ ಲೊವೆಲ್ ಎಂಬ ಊರಿನಲ್ಲಿ ದಡಾರ ಹಬ್ಬಿತಂತೆ. ಊರಿನ ನಾಲ್ವರು ಆಪರೇಟರುಗಳೂ ಒಟ್ಟಿಗೆ ಹಾಸಿಗೆ ಹಿಡಿದರೆ, ಯಾರ ತಂತಿ ಯಾವುದೆಂದು ಹೊಸಬರಿಗೆ ಹೇಗೆ ತಿಳಿಯಬೇಕು? ಒಬ್ಬೊಬ್ಬರಿಗೆ ಒಂದೊಂದು ನಂಬರು ಕೊಡಿ ಎಂದು ಅಲ್ಲಿಯ ವೈದ್ಯ ಮೋಸೆಸ್ ಗ್ರೀಲಿ ಪಾರ್ಕರ್ ಸಲಹೆಯಿತ್ತರೆಂದು ಹೇಳುತ್ತಾರೆ. ಹಾಗೆ ಬಂದ ನಂಬರು ಮನುಷ್ಯನ ಹೆಸರಲ್ಲ, ಒಂದು ತಂತಿಯ ಗುರುತು ಮಾತ್ರ.

ನಮ್ಮ ದೇಶದಲ್ಲಿ 1882ರ ಜನವರಿ 28ರಂದು ಕಲ್ಕತ್ತೆಯ ಟೆಲಿಫೋನ್ ಎಕ್ಸ್‌ಚೇಂಜು ತೆರೆಯಿತು. ಸ್ವಾತಂತ್ರ್ಯ ಬಂದ ಮೇಲೆ, 1948ರಲ್ಲಿ, ಟೆಲಿಫೋನು ತಯಾರಿಸುವ ಐ.ಟಿ.ಐ. ಕಾರ್ಖಾನೆ ಬೆಂಗಳೂರಿನಲ್ಲಿಯೇ ಆರಂಭವಾಯಿತು. ಆದರೂ ಆ ಊರಿನ ಮಧ್ಯಮವರ್ಗದ ಮನೆಗಳಿಗೆ ಟೆಲಿಫೋನು ಬರಲು ವರ್ಷಗಟ್ಟಲೆ ಕಾಯಬೇಕಾಗಿತ್ತು. ಆಗ ನಾವು ಮಾಡಿದ್ದೇನು? ನೆರೆಮನೆಯ ನಂಬರನ್ನು ಎರವಲು ಪಡೆದೆವು. ವಿಸಿಟಿಂಗ್ ಕಾರ್ಡಿನಲ್ಲಿ ಆ ನಂಬರಿನ ಪಕ್ಕದಲ್ಲಿ 'ಪಿ.ಪಿ.' ಎಂಬ ಎರಡು ಅಕ್ಷರ ಹಾಕಿದರೆ, ಟೆಲಿಫೋನು ತಮ್ಮದಲ್ಲ, ಕೂಗಿ ಕರೆಯುತ್ತಾರೆ ಎಂದು ಅರ್ಥ. ನಮ್ಮ ಮನೆಯ ಹುಟ್ಟುಸಾವುಗಳ ಸುದ್ದಿಯೆಲ್ಲ ಎದುರುಮನೆಯ ರಾಯರ ಟೆಲಿಫೋನಿಗೇ ಬರುತ್ತಿತ್ತು. "ರೀ, ನಿಮಗೆ ಫೋನು!" ಎಂದು ರಾಯರ ಮನೆಯವರು ಗೇಟಿನ ಬಳಿ ನಿಂತು ಕೂಗುತ್ತಿದ್ದರು. ಆ ಎರವಲು ನಂಬರಿನ ಹಿಂದೆ ನಮ್ಮನ್ನು ಬಲ್ಲ ಒಬ್ಬ ಮನುಷ್ಯನಿದ್ದ. ಬೇರೆ ಯಾರೋ ಬಂದು, "ಇನ್ನು ಮುಂದೆ ಆ ಕರೆಗಳೆಲ್ಲ ನನಗೆ" ಎಂದಿದ್ದರೆ ರಾಯರು ಬಾಗಿಲು ತೆರೆಯುತ್ತಿರಲಿಲ್ಲ.

ನಂಬರೇ ಮನುಷ್ಯನಾದದ್ದು

ಸಂಚಾರಿ ಫೋನು ಬಂದಾಗ ನಂಬರು ಮನೆಯನ್ನು ಬಿಟ್ಟು ಜೇಬನ್ನು ಸೇರಿತು. 2009ರಲ್ಲಿ ವಾಟ್ಸ್‌ಆಪ್ ಆರಂಭವಾದ ಮೇಲೆ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಅದಕ್ಕೆ ಹಿಂದಿನ ಸಂದೇಶ ವ್ಯವಸ್ಥೆಗಳಲ್ಲಿ ಬೇರೆ ಖಾತೆ, ಬೇರೆ ಪಾಸ್‌ವರ್ಡು ಇರುತ್ತಿದ್ದುವು. ವಾಟ್ಸ್‌ಆಪ್ ಆ ಗೊಡವೆಯನ್ನೇ ತೆಗೆಯಿತು: ನಿಮ್ಮ ನಂಬರೇ ನೀವು. ನಂಬರು ನಿಮ್ಮದೇ ಎನ್ನುವುದಕ್ಕೆ ಸಾಕ್ಷಿ, ಅದಕ್ಕೆ ಬರುವ ಆರಂಕಿಯ ಒಂದು ಸಂಕೇತ. ಆ ಸಂಕೇತವನ್ನು ಓದಿ ಹೇಳಿದವನೇ ಯಜಮಾನ.

ನಂಬರನ್ನು ತಂತಿಯಿಂದ ಬಿಡಿಸುವ ಕೆಲಸ ಅಷ್ಟುಹೊತ್ತಿಗೆ ಬೇರೆ ಕಡೆ ನಡೆದಿತ್ತು. 2005ರಲ್ಲಿ ಅಮೆರಿಕದಲ್ಲಿ ಸ್ಥಾಪನೆಯಾದ ಗ್ರ್ಯಾಂಡ್‌ಸೆಂಟ್ರಲ್ ಕಂಪೆನಿ, ಒಂದೇ ನಂಬರಿಗೆ ಬಂದ ಕರೆಯನ್ನು ಮನೆ, ಕಚೇರಿ, ಜೇಬು ಎಲ್ಲ ಫೋನುಗಳಿಗೂ ತಿರುಗಿಸುವ ಸೌಲಭ್ಯ ಕೊಟ್ಟಿತು. ಅದನ್ನು 2007ರಲ್ಲಿ ಗೂಗಲ್ ಕೊಂಡು, 2009ರಲ್ಲಿ ಗೂಗಲ್ ವಾಯ್ಸ್ ಎಂದು ಹೆಸರಿಟ್ಟಿತು. ನಂಬರನ್ನು ಬಾಡಿಗೆಗೆ ಕೊಡುವ ಅಂಗಡಿಗಳು ಬೆಳೆದುವು. ಒಂದು ಸಂಕೇತ ಬರುವಷ್ಟು ಹೊತ್ತಿಗೆ ಮಾತ್ರ ನಂಬರು ಕೊಡುವವರೂ ಹುಟ್ಟಿಕೊಂಡರು. ಬಂದ ಸಂದೇಶಗಳನ್ನು ಹಾದಿಹೋಕರೆಲ್ಲ ಓದುವಂತೆ ಬಹಿರಂಗವಾಗಿ ತೂಗುಹಾಕುವವರೂ ಉಂಟು.

ಇಲ್ಲಿಯೇ ಇರುವುದು ತೊಡಕು. ನಂಬರು ಬೇಕಾದದ್ದು ಒಂದು ಗಳಿಗೆಗೆ. ಅದರ ಮೇಲೆ ಕಟ್ಟಿದ ಖಾತೆ ಬಾಳುವುದು ವರ್ಷಗಟ್ಟಲೆ. ಬಾಡಿಗೆ ನಿಂತರೆ ನಂಬರು ಇನ್ನೊಬ್ಬನಿಗೆ ಹೋಗುತ್ತದೆ. ಅವನು ಅದೇ ನಂಬರಿನಲ್ಲಿ ಖಾತೆ ತೆರೆದರೆ ಸಂಕೇತ ಬರುವುದು ಅವನಿಗೆ, ಹೊರಗೆ ಬೀಳುವವರು ನೀವು.

ನನ್ನ ಪರಿಚಯದ ಒಬ್ಬರು ಮನೆಯಲ್ಲಿ ಸಂಗೀತಪಾಠ ಹೇಳುತ್ತಾರೆ. ಗಂಡ ತೀರಿಕೊಂಡ ಮೇಲೆ ಪಾಠವೇ ಅವರ ಜೀವನೋಪಾಯ. ಅಪರಿಚಿತರಿಗೆ ಸ್ವಂತ ನಂಬರು ಕೊಡಲು ಅಂಜಿ, ಅಮೆರಿಕದ ಒಂದು ವರ್ಚುವಲ್ ನಂಬರನ್ನು ಬಾಡಿಗೆಗೆ ಪಡೆದು, ಪಾಠಕ್ಕೆಂದೇ ಬೇರೆ ಖಾತೆ ತೆರೆದರು. ಮಕ್ಕಳ ತಾಯಂದಿರು "ಮೇಡಂ ಮಗ ಅಮೆರಿಕದಲ್ಲಿರಬೇಕು" ಎಂದುಕೊಂಡರು. ಎರಡು ವರ್ಷ ಎಲ್ಲ ಸುಸೂತ್ರವಾಗಿ ನಡೆಯಿತು. ಒಂದು ಸಲ ಬಾಡಿಗೆಯ ಗಡುವು ತಪ್ಪಿತು. ಕೆಲವು ವಾರಗಳಲ್ಲಿ ಅವರ ಖಾತೆ ಮುಚ್ಚಿಕೊಂಡಿತು. ಆ ನಂಬರಿನಲ್ಲಿ ಬೇರೆ ಯಾರೋ ಬಂದು ಕೂತಿದ್ದರು. ತಾಯಂದಿರ ಫೋನುಗಳಲ್ಲಿ ಮೇಡಂ ಹೆಸರೇ ಕಾಣುತ್ತಿತ್ತು, ಹೆಸರಿನ ಹಿಂದಿದ್ದವರು ಬೇರೆ. ಮಕ್ಕಳು ಎಷ್ಟು ಗಂಟೆಗೆ ಪಾಠಕ್ಕೆ ಹೊರಡುತ್ತಾರೆ, ಯಾರು ಕರೆದುಕೊಂಡು ಬರುತ್ತಾರೆ ಎಂಬ ಸಂದೇಶಗಳೆಲ್ಲ ಆ ಅಪರಿಚಿತನಿಗೆ ಹೋಗುತ್ತಿದ್ದುವು. ಆಕೆ ಮನೆಮನೆಗೂ ಹೋಗಿ ವಿಷಯ ತಿಳಿಸಿ ಬಂದರು. ಮೂವರು ಮಕ್ಕಳು ಪಾಠ ಬಿಟ್ಟರು.

ಮತ್ತೆ ಆ ಪುಸ್ತಕ

ಸಿಮ್ ನಂಬರಿಗಾದರೂ ನಮ್ಮ ದೇಶದಲ್ಲಿ ಒಂದು ಬಿಡುವಿನ ಅವಧಿಯಿದೆ. ಒಬ್ಬರಿಂದ ತೆಗೆದ ನಂಬರನ್ನು ಕನಿಷ್ಠ 90 ದಿನ ಇನ್ನೊಬ್ಬರಿಗೆ ಕೊಡುವುದಿಲ್ಲವೆಂಬ ವಿಷಯ 2023ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಬಂದಾಗ, ಆ ಅವಧಿಯಲ್ಲಿ ತನ್ನ ಹಳೆಯ ಮಾಹಿತಿಯನ್ನು ಕಾಪಾಡಿಕೊಳ್ಳುವ ಹೊಣೆ ಹಿಂದಿನ ಚಂದಾದಾರನದೇ ಎಂದು ನ್ಯಾಯಾಲಯ ಹೇಳಿತು. ಸಾಗರದಾಚೆಯ ಬಾಡಿಗೆ ನಂಬರಿಗೆ ನಮ್ಮ ಈ ನಿಯಮದ ಆಸರೆಯಿಲ್ಲ.

ವಂಚಕರ ಹಾವಳಿ ಹೆಚ್ಚಿದಾಗ, 2025ರ ನವೆಂಬರಿನಲ್ಲಿ, ಕೇಂದ್ರದ ದೂರಸಂಪರ್ಕ ಇಲಾಖೆ ಸಂದೇಶ ಕಂಪೆನಿಗಳಿಗೆ ಒಂದು ನಿರ್ದೇಶನ ಕೊಟ್ಟಿತು: ಖಾತೆ ತೆರೆದ ಸಿಮ್ ಫೋನಿನಲ್ಲಿ ಸದಾ ಇದ್ದರೆ ಮಾತ್ರ ಖಾತೆ ನಡೆಯಬೇಕು. 1920ರ ಕಾಯಿದೆಯ ಪುಸ್ತಕವೇ ಹೊಸ ಲಿಪಿಯಲ್ಲಿ ಮರಳಿತೆಂದು ನನಗನ್ನಿಸಿತು. ಕ್ಷೌರಿಕನ ನೆಪದಲ್ಲಿ ಬಂದ ನಿಯಮ ಆಗ ಸಂಕೋಚದ ಗೃಹಸ್ಥರಿಗೂ ತಗುಲಿತು. ವಂಚಕನ ನೆಪದಲ್ಲಿ ಬಂದ ನಿಯಮ ಈಗ ಸಂಗೀತದ ಮೇಡಂಗೂ ತಗುಲುತ್ತದೆ. ವಂಚಕನನ್ನು ಹಿಡಿಯಬೇಕು, ಸರಿ. ಆದರೆ ಆಕೆಯ ಅಂಜಿಕೆಗೆ ಉತ್ತರವೇನು?

ಉತ್ತರ ಇಲ್ಲದಿಲ್ಲ. ಸಿಗ್ನಲ್ ಎಂಬ ಸಂದೇಶ ವ್ಯವಸ್ಥೆ 2024ರ ಫೆಬ್ರವರಿಯಲ್ಲಿ, ನಂಬರನ್ನು ಮರೆಮಾಡಿ ಬರಿಯ ಹೆಸರಿನಿಂದಲೇ ಪರಿಚಯಿಸಿಕೊಳ್ಳುವ ಅವಕಾಶ ಕೊಟ್ಟಿತು. ಲೊವೆಲ್ ಊರಿನಲ್ಲಿ ಹೋದ ಹೆಸರು ಹೀಗೆ ತಿರುಗಿ ಬರುವುದಾದರೆ ಒಳ್ಳೆಯದೇ. ಅಲ್ಲಿಯವರೆಗೆ ಎರಡನೆಯ ಖಾತೆ ಬೇಕಾದವರು ತಮ್ಮ ಹೆಸರಿನಲ್ಲಿಯೇ ಇನ್ನೊಂದು ಸಿಮ್ ಪಡೆಯುವುದು ಕ್ಷೇಮ. ಬಾಡಿಗೆ ನಂಬರನ್ನೇ ಹಿಡಿದವರು ಅದನ್ನು ಬಿಡುವ ಮುನ್ನ ಖಾತೆಯನ್ನು ಸ್ವಂತ ನಂಬರಿಗೆ ವರ್ಗಾಯಿಸಿಕೊಳ್ಳಬೇಕು, ಇಲ್ಲವೆ ಅಳಿಸಬೇಕು. ಬಾಡಿಗೆ ಮನೆ ಬಿಡುವಾಗ ನಾವು ಪಾತ್ರೆಪಡಗವನ್ನೆಲ್ಲ ಎಣಿಸಿ ತರುತ್ತೇವೆ. ನಂಬರು ಬಿಡುವಾಗ ಅಲ್ಲಿ ಉಳಿದುಹೋಗುವುದು ನಮ್ಮ ಹೆಸರು. ಅದನ್ನು ನಂಬಿ ಬಾಗಿಲು ತಟ್ಟುವವರು ನಮ್ಮವರು.