ನಿಷ್ಠೆಯ ಲೆಕ್ಕಾಚಾರ: ‘ಕ್ರುಸೇಡರ್ ಕಿಂಗ್ಸ್ 3’ರಲ್ಲಿ ಸಾಮಂತರನ್ನು ಹಿಡಿದಿಟ್ಟುಕೊಳ್ಳುವುದು ಹೇಗೆ?

ಸ್ವೀಡನ್ನಿನ ಪ್ಯಾರಡಾಕ್ಸ್ ಕಂಪನಿ 2020ರ ಸೆಪ್ಟೆಂಬರಿನಲ್ಲಿ ಬಿಡುಗಡೆ ಮಾಡಿದ ‘ಕ್ರುಸೇಡರ್ ಕಿಂಗ್ಸ್ 3’ ಹೆಸರಿಗೆ ಯುದ್ಧದ ಆಟ. ಆಡೋಕೆ ಕೂತರೆ ಮಾತ್ರ ಗೊತ್ತಾಗುತ್ತೆ, ಪರರಾಜ್ಯ ಗೆಲ್ಲುವುದಕ್ಕಿಂತ ನಮ್ಮವರೇ ನಮ್ಮ ಮೇಲೆ ತಿರುಗಿ ಬೀಳದಂತೆ ನೋಡಿಕೊಳ್ಳುವುದರಲ್ಲೇ ಹೆಚ್ಚು ಹೊತ್ತು ಹೋಗುತ್ತೆ. ಚುನಾವಣಾ ಫಲಿತಾಂಶದ ಮರುದಿನ ಯಾವ ಶಾಸಕ ಯಾವ ಬಣ ಅಂತ ಪಟ್ಟಿ ಹಿಡಿದು ಕೂರುವ ನಮ್ಮಂಥವರಿಗೆ ಇದು ಹೇಳಿ ಮಾಡಿಸಿದ ಆಟ.

ಮೊದಲು ಒಂದು ವಿಷಯ ಸ್ಪಷ್ಟವಾಗಬೇಕು. ಇಲ್ಲಿ ನೀವು ಆಡುವುದು ಒಂದು ದೇಶವಾಗಿ ಅಲ್ಲ, ಒಬ್ಬ ವ್ಯಕ್ತಿಯಾಗಿ. ಆತ ಸತ್ತರೆ ಅವನ ವಾರಸುದಾರನಾಗಿ ಆಟ ಮುಂದುವರಿಯುತ್ತೆ. ‘ಸರ್ಕಾರ’ ಅನ್ನೋ ಪ್ರತ್ಯೇಕ ವಸ್ತು ಇಲ್ಲಿಲ್ಲ. ಸೈನ್ಯದ, ತೆರಿಗೆಯ ದೊಡ್ಡ ಪಾಲು ಸಾಮಂತರ ಕೈಯಲ್ಲಿದೆ, ಅವರು ಒಪ್ಪಂದದ ಪ್ರಕಾರ ಒಂದಿಷ್ಟನ್ನು ನಿಮಗೆ ಕೊಡುತ್ತಾರೆ ಅಷ್ಟೇ. ಹಾಗಾಗಿ ನಿಷ್ಠೆ ಅನ್ನೋದು ಇಲ್ಲಿ ಭಾವನೆಯ ಮಾತಲ್ಲ, ರಾಜ್ಯ ನಿಂತಿರುವುದೇ ಅದರ ಮೇಲೆ.

ಪ್ರತಿ ಪಾತ್ರಕ್ಕೂ ನಿಮ್ಮ ಬಗ್ಗೆ ಒಂದು ‘ಒಪಿನಿಯನ್’ ಇರುತ್ತೆ. ಮೈನಸ್ 100ರಿಂದ ಪ್ಲಸ್ 100ರವರೆಗೆ. ಧರ್ಮ, ಸಂಸ್ಕೃತಿ, ಸ್ವಭಾವ, ನೀವು ಕೊಟ್ಟ ಉಡುಗೊರೆ, ಕಿತ್ತುಕೊಂಡ ಜಮೀನು ಎಲ್ಲವೂ ಅದರಲ್ಲಿ ಕೂಡಿ ಕಳೆಯುತ್ತವೆ. ಹೊಸಬರು ಈ ಸಂಖ್ಯೆಯನ್ನೇ ನಿಷ್ಠೆ ಅಂದುಕೊಂಡು ಎಲ್ಲರನ್ನೂ ಹಸಿರಿಗೆ ತರಲು ಹಣ ಸುರಿಯುತ್ತಾರೆ. ಅದರ ಅಗತ್ಯವೇ ಇಲ್ಲ. ನಿಮ್ಮನ್ನು ದ್ವೇಷಿಸುವ ಒಬ್ಬಂಟಿ ಸಾಮಂತನಿಂದ ಆಗುವ ತೊಂದರೆ ಕಡಿಮೆ. ಅವನಿಗೆ ಜೊತೆಗಾರರು ಸಿಕ್ಕಾಗ ಅಪಾಯ ಶುರುವಾಗುತ್ತೆ.

ಆ ಜೊತೆಗಾರಿಕೆಯ ಹೆಸರು ‘ಫ್ಯಾಕ್ಷನ್’. ಸ್ವತಂತ್ರವಾಗಬೇಕು ಅನ್ನುವವರದ್ದೊಂದು, ರಾಜನ ಅಧಿಕಾರ ಕಡಿಮೆಯಾಗಲಿ ಅನ್ನುವವರದ್ದೊಂದು, ಬೇರೊಬ್ಬನನ್ನು ಗದ್ದುಗೆಗೆ ತರಬೇಕು ಅನ್ನುವವರದ್ದು ಇನ್ನೊಂದು. ಬಣದ ಒಟ್ಟು ಸೇನಾಬಲ ನಿಮ್ಮ ಬಲದ 80 ಪ್ರತಿಶತ ದಾಟಿದರೆ ಅದರ ‘ಡಿಸ್‌ಕಂಟೆಂಟ್’, ಅಂದರೆ ಅಸಮಾಧಾನದ ಮಾಪಕ, ಏರತೊಡಗುತ್ತೆ. ಅದು 100 ಮುಟ್ಟಿದರೆ ಎಚ್ಚರಿಕೆ ಪತ್ರ ಬರುತ್ತೆ. ಒಪ್ಪಿಕೊಳ್ಳಿ, ಇಲ್ಲಾ ಅಂತರ್ಯುದ್ಧಕ್ಕೆ ರೆಡಿಯಾಗಿ.

ಇಂಜಿನಿಯರಿಂಗ್ ಓದಿದ ತಲೆಗೆ ಈ 80 ಅನ್ನೋ ಗೆರೆ ತುಂಬಾ ಇಷ್ಟವಾಗುತ್ತೆ. ನಿಮ್ಮ ಬಲ 5,000, ಬಣದ ಬಲ 4,200 ಅಂದುಕೊಳ್ಳಿ. ಅಂದರೆ 84 ಪ್ರತಿಶತ. ಮಾಪಕ ಏರುತ್ತಿದೆ. ಅದರಿಂದ 400 ಜನರ ಪಡೆಯಿರುವ ಒಬ್ಬನೇ ಒಬ್ಬ ಹೊರಬಂದರೆ 76ಕ್ಕೆ ಇಳಿಯುತ್ತೆ, ಮಾಪಕವೂ ಇಳಿಯಲು ಶುರು ಮಾಡುತ್ತೆ. ಹಾಗಾದರೆ ಹಣ, ಸಮಯ ಯಾರ ಮೇಲೆ ಹಾಕಬೇಕು? ಮೈನಸ್ 80ರಲ್ಲಿ ಕುದಿಯುತ್ತಿರುವ ಬಣದ ನಾಯಕನ ಮೇಲಂತೂ ಅಲ್ಲ. ಮೈನಸ್ 10ರಲ್ಲಿ ನಿಂತು ಅತ್ತಿತ್ತ ನೋಡುತ್ತಿರುವವನ ಮೇಲೆ. ಬಣ ಒಡೆಯುವವರೆಲ್ಲ ಮೊದಲು ಹುಡುಕುವುದು ಬೇಲಿ ಮೇಲೆ ಕೂತವನನ್ನೇ.

ಅವನನ್ನು ಸೆಳೆಯುವ ದಾರಿಗಳಲ್ಲಿ ಮೊದಲನೆಯದು ಕುರ್ಚಿ. ಬಲಾಢ್ಯ ಸಾಮಂತರನ್ನು ಆಟವೇ ಗುರುತು ಹಾಕಿ ತೋರಿಸುತ್ತೆ. ಅವರಿಗೆ ಕೌನ್ಸಿಲ್‌ನಲ್ಲಿ ಜಾಗ ಸಿಗದಿದ್ದರೆ ಒಪಿನಿಯನ್ 40 ಅಂಕ ಕುಸಿಯುತ್ತೆ. ರಾಣಿಯ ಸ್ಥಾನ ಬಿಟ್ಟರೆ ಕೌನ್ಸಿಲ್‌ನಲ್ಲಿರುವುದು ಐದೇ ಹುದ್ದೆ. ಅದರಲ್ಲೂ ಧರ್ಮಾಧಿಕಾರಿಯ ಹುದ್ದೆ ಎಷ್ಟೋ ರಾಜ್ಯಗಳಲ್ಲಿ ಸಾಮಂತರ ಕೈಗೆ ಸಿಗುವಂಥದ್ದಲ್ಲ. ಹಣಕಾಸಿಗೆ ದಡ್ಡನನ್ನು ಕೂರಿಸಿದರೆ ಬೊಕ್ಕಸ ಸೊರಗುತ್ತೆ, ಜಾಣನನ್ನು ಕೂರಿಸಿದರೆ ಬಲಾಢ್ಯ ಮುನಿಸಿಕೊಳ್ಳುತ್ತಾನೆ. ಈ ಸಂಕಟ ನಮಗೇನೂ ಹೊಸದಲ್ಲ. 2003ರ 91ನೇ ತಿದ್ದುಪಡಿ ಮಂತ್ರಿಮಂಡಲವನ್ನು ಸದನದ ಬಲದ 15 ಪ್ರತಿಶತಕ್ಕೆ ಕಟ್ಟಿಹಾಕಿತು. 224 ಸದಸ್ಯರ ನಮ್ಮ ವಿಧಾನಸಭೆಗೆ ಅದು 34 ಕುರ್ಚಿ. ಮಿಕ್ಕವರಿಗೆ ನಿಗಮ-ಮಂಡಳಿ. ಆಟದಲ್ಲಿ ನಿಗಮ-ಮಂಡಳಿಗಳಿಲ್ಲ ಅನ್ನೋದೇ ಅಲ್ಲಿನ ರಾಜರ ಕಷ್ಟ! ನನ್ನ ಪಾಲಿಸಿ ಇಷ್ಟು: ಗೂಢಚಾರರ ಮುಖ್ಯಸ್ಥನ ಹುದ್ದೆ ಮಾತ್ರ ನಿಮ್ಮನ್ನು ನಿಜಕ್ಕೂ ಇಷ್ಟಪಡುವವರಿಗೆ ಕೊಡಿ, ಮುನಿದವನು ಅಲ್ಲಿ ಕೂತರೆ ನಿಮ್ಮ ಕೊಲೆಯ ಸಂಚಿಗೇ ಕೈಜೋಡಿಸಬಹುದು. ಉಳಿದ ಕುರ್ಚಿಗಳಲ್ಲಿ ರಾಜಿಗೆ ಜಾಗವಿದೆ.

ಎರಡನೆಯದು ಭಯ. ಆಟದ ಭಾಷೆಯಲ್ಲಿ ‘ಡ್ರೆಡ್’. ಕೈದಿಗಳ ತಲೆ ತೆಗೆದರೆ, ಚಿತ್ರಹಿಂಸೆ ಕೊಟ್ಟರೆ ಏರುತ್ತೆ. ಪೂರ್ತಿ ಹೆದರಿದ ಸಾಮಂತ ಬಣ ಸೇರುವುದಿಲ್ಲ. ಆದರೆ ಎದೆಗಾರರು ಸುಲಭಕ್ಕೆ ಹೆದರಲ್ಲ, ಡ್ರೆಡ್ ದಿನ ಕಳೆದಂತೆ ಇಳಿಯುತ್ತೆ, ನಿಮ್ಮ ರಾಜ ಕರುಣಾಳುವಾಗಿದ್ದರೆ ಪ್ರತಿ ಮರಣದಂಡನೆಗೂ ಅವನ ಮಾನಸಿಕ ಒತ್ತಡ ಏರುತ್ತೆ. ಕಾರಣವಿಲ್ಲದೆ ಒಬ್ಬನನ್ನು ಜೈಲಿಗೆ ಹಾಕಿದರೆ, ಜಹಗೀರು ಕಸಿದರೆ ‘ಟಿರನಿ’ ಅಂತ ಎಲ್ಲ ಸಾಮಂತರೂ ಒಟ್ಟಿಗೆ ಮುಖ ತಿರುಗಿಸುತ್ತಾರೆ. ಇವತ್ತು ಅವನು, ನಾಳೆ ನಾನು ಅನ್ನೋ ಲೆಕ್ಕ ಅವರದ್ದು.

ಮೂರನೆಯದು ‘ಹುಕ್’, ನಮ್ಮ ಮಾತಿನಲ್ಲಿ ಜುಟ್ಟು ಕೈಯಲ್ಲಿರೋದು. ಒಬ್ಬರ ಗುಟ್ಟು ಸಿಕ್ಕರೆ ಅಥವಾ ಉಪಕಾರದ ಋಣವಿದ್ದರೆ ಹುಕ್ ಹುಟ್ಟುತ್ತೆ. ದುರ್ಬಲವಾದದ್ದು ಒಮ್ಮೆ ಬಳಸಿದರೆ ಮುಗೀತು. ಬಲವಾದದ್ದನ್ನು ಬಿಡುವು ಕೊಟ್ಟು ಮತ್ತೆ ಮತ್ತೆ ಬಳಸಬಹುದು, ಅದು ನಿಮ್ಮ ಕೈಯಲ್ಲಿರುವಷ್ಟು ದಿನ ಆ ಸಾಮಂತ ನಿಮ್ಮ ವಿರುದ್ಧದ ಬಣ ಸೇರಲಾರ. ಇದಕ್ಕಿಂತ ಹಿತವಾದ ದಾರಿ ನೆಂಟಸ್ತನ. ಮಗಳನ್ನು ಕೊಟ್ಟು ಮೈತ್ರಿ ಮಾಡಿಕೊಂಡ ಸಾಮಂತನೂ ಬಣ ಸೇರುವುದಿಲ್ಲ. ಹಾಗಾಗಿ ಮಕ್ಕಳ ಮದುವೆಯನ್ನೆಲ್ಲ ದೂರದ ರಾಜರ ಜೊತೆಗೇ ಮಾಡುವುದು ನಷ್ಟದ ಬಾಬತ್ತು. ಒಂದೆರಡಾದರೂ ಮನೆಯೊಳಗಿನ ದೊಡ್ಡ ಕುಳಗಳಿಗೆ ಮೀಸಲಿರಲಿ. ಗೆದ್ದ ಭೂಮಿ ಹಂಚುವಾಗಲೂ ಒಬ್ಬನ ಕೈಗೇ ಎರಡು ಡಚಿ ಕೊಡಬೇಡಿ, ಮುಂದೆ 80ರ ಗೆರೆ ದಾಟಿಸುವುದು ಅವನೇ.

ಇವೆಲ್ಲದರ ನಿಜವಾದ ಪರೀಕ್ಷೆ ರಾಜ ಸತ್ತ ದಿನ. ಡ್ರೆಡ್ ಮಗನಿಗೆ ಬರುವುದಿಲ್ಲ. ಅಪ್ಪ ಕೊಟ್ಟ ಉಡುಗೊರೆಯ ಕೃತಜ್ಞತೆಯೂ ಅವನ ಜೊತೆಗೇ ಹೋಗುತ್ತೆ. ಹೊಸಬ ಅನ್ನೋ ಕಾರಣಕ್ಕೇ ಮಗನ ಮೇಲೆ ಕೆಲವು ವರ್ಷ ಒಪಿನಿಯನ್ ದಂಡ ಬೀಳುತ್ತೆ. ಆಸ್ತಿ ಪಾಲಾಗುವ ಉತ್ತರಾಧಿಕಾರ ಕಾನೂನಿದ್ದರೆ ತಮ್ಮಂದಿರು ಸೈನ್ಯ ಇಟ್ಟುಕೊಂಡ ಸಾಮಂತರಾಗಿ, ಗದ್ದುಗೆ ಮೇಲೆ ಹಕ್ಕನ್ನೂ ಹಿಡಿದುಕೊಂಡು ಎದುರಿಗೆ ನಿಂತಿರುತ್ತಾರೆ.

ಆಟವನ್ನು 1066ರಿಂದ ಶುರು ಮಾಡಿ ಕಲ್ಯಾಣದ ಚಾಲುಕ್ಯರನ್ನು ಆರಿಸಿಕೊಂಡರೆ ಈ ಬಿಕ್ಕಟ್ಟು ನಮ್ಮ ಚರಿತ್ರೆಯಲ್ಲೇ ಸಿಗುತ್ತೆ. ಒಂದನೇ ಸೋಮೇಶ್ವರ 1068ರಲ್ಲಿ ತುಂಗಭದ್ರೆಯಲ್ಲಿ ಜಲಸಮಾಧಿಯಾದ. ಹಿರಿಯ ಮಗ ಇಮ್ಮಡಿ ಸೋಮೇಶ್ವರ ಪಟ್ಟಕ್ಕೆ ಬಂದ. ತಮ್ಮ ವಿಕ್ರಮಾದಿತ್ಯ ಚೋಳ ವೀರರಾಜೇಂದ್ರನ ಮಗಳನ್ನು ಮದುವೆಯಾದ, ಗೋವೆಯ ಕದಂಬ ಜಯಕೇಶಿಯಂಥ ಸಾಮಂತರ ಬೆಂಬಲ ಕೂಡಿಸಿಕೊಂಡ, 1076ರಲ್ಲಿ ಅಣ್ಣನನ್ನು ಇಳಿಸಿ 1126ರವರೆಗೆ ಆಳಿದ. ಈ ಕಥೆ ಬರೆದ ಬಿಲ್ಹಣ ಅವನದೇ ಆಸ್ಥಾನದ ಕವಿ, ಹಾಗಾಗಿ ತಪ್ಪೆಲ್ಲ ಅಣ್ಣನದ್ದೇ! ನೆಂಟಸ್ತನ, ಬಣ, ಹಕ್ಕು, ಪಟ್ಟಕ್ಕೆ ಹೊಸಬನಾದ ರಾಜ: ಆಟದ ಪುಟ್ಟ ಐಕಾನುಗಳೆಲ್ಲ ಇಲ್ಲಿವೆ. ನೀವು ಸೋಮೇಶ್ವರನಾಗಿ ಆಡುತ್ತಿದ್ದರೆ ಮಾಡಬೇಕಾದ್ದೂ ಇದರಿಂದಲೇ ತಿಳಿಯುತ್ತೆ. ಬದುಕಿದ್ದಾಗಲೇ ಹಿರಿಯನಿಗೆ ಭೂಮಿ ಕೊಟ್ಟು ಬಲ ತುಂಬಿ. ಬಲಾಢ್ಯರ ಮನೆಯಿಂದ ಹೆಣ್ಣು ತಂದರೆ ಅದು ಹಿರಿಯನಿಗೇ ಆಗಲಿ, ಕಿರಿಯನ ಮಾವಂದಿರ ಮೇಲೆ ಒಂದು ಕಣ್ಣಿರಲಿ. ಬೊಕ್ಕಸದಲ್ಲಿ ಒಂದಿಷ್ಟು ಚಿನ್ನ ಮುಟ್ಟದೆ ಬಿಡಿ, ಹೊಸ ರಾಜ ಮೊದಲ ತಿಂಗಳೇ ಬೇಲಿ ಮೇಲಿನವರಿಗೆ ಹಂಚಲು ಬೇಕಾಗುತ್ತೆ.

ನನಗೆ ಈ ವ್ಯವಸ್ಥೆಯ ಬಗ್ಗೆ ಇರುವ ತಕರಾರು ಬೇರೆ. ಇಲ್ಲಿ ನಿಷ್ಠೆ ಅಂದರೆ ಉಳ್ಳವರ ನಿಷ್ಠೆ. ರೈತನಿಗೆ, ನೇಕಾರನಿಗೆ ಹೆಸರಿಲ್ಲ, ಮುಖವಿಲ್ಲ. ಅವರೆಲ್ಲ ಸೇರಿ ‘ಕೌಂಟಿ ಒಪಿನಿಯನ್’ ಅನ್ನೋ ಒಂದೇ ಅಂಕೆ. ಅದು ಪಾತಾಳಕ್ಕಿಳಿದಾಗ ಮಾತ್ರ ಅವರದ್ದೂ ಒಂದು ಬಣ ಎದ್ದು ಪರದೆ ಮೇಲೆ ಕಾಣಿಸುತ್ತೆ. ಸಾಮಂತನಿಗೆ ಉಡುಗೊರೆ ಕೊಡಲು, ಓಲೈಸಲು, ಕುರ್ಚಿ ಕೊಡಲು, ಹೆಣ್ಣು ಕೊಡಲು ಒಂದೊಂದು ಬಟನ್ ಇದೆ. ದಂಗೆಯೆದ್ದ ರೈತರ ಜೊತೆ ಕೂತು ಮಾತಾಡೋಕೆ ಅಂಥದ್ದಿಲ್ಲ. ಅವರ ಬೇಡಿಕೆಗೆ ಹೂಂ ಅನ್ನಬಹುದು, ಇಲ್ಲಾ ಸೈನ್ಯ ಕಳಿಸಬಹುದು.